ಸೀಟಿನೊಳಗಿನ ತಂತಿ

ಕಾರಿನ ಸೀಟಿನೊಳಗೆ ತಂತಿ ಕೂರಿಸುವ ಕೆಲಸ ಹೆಂಗಸರದು. ಗಂಡಸರ ಬೆರಳು ದಪ್ಪ, ತಾಳ್ಮೆ ಕಡಿಮೆ ಎಂದು ಮೇಸ್ತ್ರಿ ಹೇಳುತ್ತಿದ್ದ. ಗಂಡಸರಿಗೆ ಕೂಲಿ ಹೆಚ್ಚು ಕೊಡಬೇಕಾಗುತ್ತದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಕೂದಲಿಗಿಂತ ಕೊಂಚ ದಪ್ಪದ ತಂತಿ, ಕರೆಂಟು ಹರಿದರೆ ಸೀಟನ್ನು ಬಿಸಿ ಮಾಡುವಂಥದ್ದು. ಅದನ್ನು ಬಟ್ಟೆಯ ಮೇಲೆ ಹಾವು ಹರಿದಂತೆ ಬಳಸಿ ಬಳಸಿ ಇಡಬೇಕು. ಒಂದು ಸುತ್ತು ಇನ್ನೊಂದಕ್ಕೆ ತಾಗಬಾರದು. ತಾಗಿದರೆ ಕೂತವರ ತೊಡೆ ಸುಡುತ್ತದೆ. ಇಟ್ಟ ಮೇಲೆ ಬಟ್ಟೆಯನ್ನು ಮಿಷನ್ನಿನ ಸೂಜಿಯ ಕೆಳಗೆ ತಳ್ಳಬೇಕು. ಸೂಜಿ ತಂತಿಗೆ ಬಡಿದರೆ ಮುರಿದು ಮುಖಕ್ಕೆ ಹಾರುತ್ತದೆ. ನನ್ನ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದವಳ ಎಡಗಣ್ಣು ಹಾಗೆಯೇ ಹೋಯಿತು. ಎತ್ತರ ಕಡಿಮೆಯಾದ್ದರಿಂದ ಅವಳನ್ನು ನಾವೆಲ್ಲ ಕುಳ್ಳಿ ಎನ್ನುತ್ತಿದ್ದೆವು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ವಾಪಸು ಬಂದ ದಿನ ಅವಳೇ ಹೇಳಿದಳು: "ಕುಳ್ಳಿ ಅಂತಲೇ ಕರೀರೇ. ಕುರುಡಿ ಅಂತ ಕರೆದು ಅದು ಮೇಸ್ತ್ರಿ ಕಿವಿಗೆ ಬಿದ್ರೆ ನಾಳೆ ಮನೇಲಿರ್ತೀನಿ."

ನಾವು ನಕ್ಕೆವು. ನಕ್ಕು ಮತ್ತೆ ತಲೆ ಬಗ್ಗಿಸಿದೆವು.

ವರ್ಷಗಟ್ಟಲೆ ತಂತಿ ಎಳೆದು ಎಳೆದು ಬೆರಳ ತುದಿಯ ಚರ್ಮ ಸವೆದು ನುಣ್ಣಗಾಗುತ್ತದೆ. ಆಮೇಲೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಸೀಳು ಬಿಡುತ್ತದೆ. ಸೀಳಿನೊಳಗೆ ಅಂಟು ಇಳಿಯುತ್ತದೆ. ಮನೆಗೆ ಬಂದು ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ನೆತ್ತಿಯವರೆಗೆ ಉರಿ. ಇಷ್ಟು ಮಾಡಿ ನಾವು ಹೊಲಿದದ್ದು ಬೇರೆಯವರ ಬೆನ್ನು ಬೆಚ್ಚಗಿರಲಿ ಎಂದು. ನಮ್ಮ ಶೆಡ್ಡಿಗೆ ಕಿಟಕಿಯ ಗಾಜು ಕೂಡ ಇರಲಿಲ್ಲ.

ಒಂದು ಪದ್ಧತಿ ಇತ್ತು ನಮ್ಮಲ್ಲಿ. ಕೆಟ್ಟ ಸೀಟು ವಾಪಸು ಬಂದರೆ ಇಡೀ ಸಾಲಿನ ಕೂಲಿ ಹಿಡಿಯುತ್ತಿದ್ದರು. ಅದಕ್ಕೆ ಪ್ರತಿಯೊಬ್ಬಳೂ ಕವರಿನ ಒಳಮಡಿಕೆಯಲ್ಲಿ ದಾರದ ಕೊನೆಗೆ ತನ್ನದೇ ರೀತಿಯ ಗಂಟು ಹಾಕುತ್ತಿದ್ದಳು. ಸೀಟು ವಾಪಸು ಬಂದ ತಕ್ಷಣ ಕೆಳಗೆ ಕೈ ಹಾಕಿ ತಡವಿದರೆ ಯಾರದೆಂದು ತಿಳಿಯುತ್ತಿತ್ತು. ಮೇಸ್ತ್ರಿ ನೋಡುವ ಮೊದಲೇ ಅದನ್ನು ಅವಳ ಮಿಷನ್ನಿಗೆ ದಾಟಿಸಿಬಿಡುತ್ತಿದ್ದೆವು. ಅವಳು ಬಿಚ್ಚಿ ಹೊಲಿಯುವಷ್ಟು ಹೊತ್ತು ಉಳಿದವರು ಅವಳ ಪಾಲಿನದ್ದನ್ನೂ ಹೊಲಿಯುತ್ತಿದ್ದೆವು. ಕುಳ್ಳಿಯ ಗಂಟಿಗೆ ಒಂದು ಉದ್ದ ಬಾಲ. ನನ್ನದು ಜೋಡಿ ಗಂಟು.

ಶೆಡ್ಡು ಮುಚ್ಚಿದರು. ಕೆಲಸ ಬೇರೆ ಕಡೆಗೆ ಹೋಯಿತು ಎಂದರು. ಕೆಲಸ ತಾನಾಗಿ ಎದ್ದು ನಡೆದುಹೋದ ಹಾಗೆ. ಲೆಕ್ಕ ಮುಗಿಸಿ ಕೈಗೆ ಕೊಟ್ಟ ದುಡ್ಡಿನಲ್ಲಿ ನಾನು ಮಗಳಿಗೊಂದು ಹಳೇ ಕಾರು ಕೊಡಿಸಲು ಹೊರಟೆ. ಅವಳು ಅಲ್ಲಿಯವರೆಗೆ ಬೇರೆಯವರ ಗಾಡಿ ಓಡಿಸಿ ಅರ್ಧ ದುಡಿಮೆ ಅವರಿಗೆ ಸುರಿಯುತ್ತಿದ್ದಳು.

ಹಳೇ ಗಾಡಿ ಮಾರುವ ಕಡೆ ಅವಳಿಗೆ ಹಿಡಿಸಿದ್ದು ಬೇರೊಂದು. ಕಡಿಮೆ ಓಡಿದ್ದು, ಬಣ್ಣ ಹೋಗದ್ದು. ನಾನು ಅದರ ಪಕ್ಕದಲ್ಲಿದ್ದ ಬೂದು ಗಾಡಿಯಲ್ಲಿ ಕಾಲು ನೋವೆಂದು ಸುಮ್ಮನೆ ಕೂತಿದ್ದೆ. ಕೈ ತಾನಾಗಿ ಸೀಟಿನ ಕೆಳಗೆ ಹೋಯಿತು. ಬಾಲದ ಗಂಟು ಸಿಕ್ಕಿತು. ಆಗ ಕುಳ್ಳಿ ಸತ್ತು ವರ್ಷ ಕಳೆದಿತ್ತು.

"ಇದನ್ನೇ ತಗೋ" ಎಂದೆ.

"ಅಮ್ಮ, ಇದು ಲೋಕ ಸುತ್ತಿ ಬಂದಿದೆ."

"ಬರಲಿ. ಒಳಗೇನಿದೆ ಅಂತ ನನಗೆ ಗೊತ್ತು."

ಅಲ್ಲೇ ನಾನು ಎಡವಿದ್ದು. ಒಳಗೇನಿದೆ ಎಂದು ತಡವಿ ನೋಡಿ ಗಾಡಿ ಕೊಳ್ಳುವವರು ಸೀಟು ಹೊಲಿದವರು ಮಾತ್ರ. ಒಳಗಿರುವುದಕ್ಕೂ ಕೂತವರಿಗೂ ನಡುವೆ ಇನ್ನೊಬ್ಬ ಬೀಗ ಹಾಕಿಕೊಂಡು ಕೂತಿರುತ್ತಾನೆ ಎಂದು ನನಗೆ ಹೊಳೆಯಲಿಲ್ಲ. ಗಾಡಿಯನ್ನು ನನ್ನ ಹೆಸರಿಗೇ ಬರೆಸಿದೆವು.

ಮಗಳಿಗೆ ಆಸ್ಪತ್ರೆಯ ಬಾಡಿಗೆ ಸಿಕ್ಕಿತು. ಮೂತ್ರಪಿಂಡ ಕೆಟ್ಟವರನ್ನು ಬೆಳಗಿನ ಜಾವ ಕರೆದೊಯ್ಯುವುದು, ಮಿಷನ್ನಿನಲ್ಲಿ ರಕ್ತ ತೊಳೆಸಿಕೊಂಡು ಬಂದ ಮೇಲೆ ಮನೆಗೆ ಬಿಡುವುದು. ಅದಾದ ಮೇಲೆ ಮೈ ನಡುಗುತ್ತದಂತೆ. ಕಂಬಳಿ ಹೊದ್ದರೂ ಹೋಗದ ನಡುಕ. ನಮ್ಮ ಬೀದಿಯಲ್ಲೊಬ್ಬರು ಹಳೇ ಮೇಷ್ಟ್ರಿದ್ದರು. ಅವರು ಮುಂದಿನ ಸೀಟಿನಲ್ಲಿ ಕೂತು ಬೆನ್ನು ಒರಗಿಸಿ ಕಣ್ಣು ಮುಚ್ಚುತ್ತಿದ್ದರು. ಸೀಟು ಕಾಯುತ್ತಿದ್ದಂತೆ ಅವರ ದವಡೆ ಕಟಕಟ ಎನ್ನುವುದು ನಿಲ್ಲುತ್ತಿತ್ತು. "ನಿನ್ನ ಗಾಡಿ ಹೆಂಗಸಿನ ಮಡಿಲಿದ್ದಂಗೆ ಕಣಮ್ಮ" ಎನ್ನುತ್ತಿದ್ದರಂತೆ. "ಮಡಿಲಿಗೂ ಬಾಡಿಗೆ ಇದೆ ಮೇಷ್ಟ್ರೇ" ಎಂದು ಮಗಳು. ಒಬ್ಬರಿಂದೊಬ್ಬರಿಗೆ ಮಾತು ಹರಡಿ ನಡುಕದವರೆಲ್ಲ ಬೂದು ಗಾಡಿಯೇ ಬೇಕೆಂದರು.

ಮುಂದಿನ ಚಳಿಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಗ್ಗೆ ಸೀಟು ಕಾಯಲಿಲ್ಲ. ಸ್ಟೇರಿಂಗಿನ ಪಕ್ಕದ ಪುಟ್ಟ ಪರದೆಯ ಮೇಲೆ ಏನೋ ಅಕ್ಷರ ಮೂಡಿತು. ಮಗಳು ಓದಿದಳು, ಮತ್ತೊಮ್ಮೆ ಓದಿದಳು.

"ಏನಂತೆ?"

"ಹಳೇ ಓನರ್ ಕಟ್ಟಿದ್ದು ಮುಗೀತಂತೆ. ಸೀಟು ಬಿಸಿ ಬೇಕಂದ್ರೆ ಇನ್ಮೇಲೆ ತಿಂಗಳು ತಿಂಗಳು ನಾವು ದುಡ್ಡು ಕಟ್ಬೇಕಂತೆ."

"ಯಾವ ಸೀಟು?"

"ಇದೇ ಸೀಟು, ಅಮ್ಮ."

"ಇದು ನಮ್ಮದಲ್ವೇನೇ?"

"ಸೀಟು ನಮ್ಮದು. ಬಿಸಿ ಅವರದು."

ಬರೀ ಬಿಸಿ ಕೊಡಿ ಎಂದರೆ ಕೊಡುವುದಿಲ್ಲ. ಫೋನಿನಿಂದ ಬಾಗಿಲು ತೆಗೆಯುವುದು, ಗಾಡಿ ಎಲ್ಲಿದೆ ಎಂದು ಮನೆಯಲ್ಲೇ ಕೂತು ನೋಡುವುದು, ಮಂಚದಲ್ಲಿ ಮಲಗಿಯೇ ಎಂಜಿನ್ ಚಾಲೂ ಮಾಡುವುದು, ಎಲ್ಲ ಸೇರಿಸಿ ಒಂದೇ ಗಂಟು. ಕಟ್ಟಿದರೆ ಎಲ್ಲಕ್ಕೂ ಕಟ್ಟು, ಇಲ್ಲದಿದ್ದರೆ ನಡುಗು. ಆಸ್ಪತ್ರೆಯ ಬಾಡಿಗೆಯಲ್ಲಿ ಅಷ್ಟು ಹುಟ್ಟುವುದಿಲ್ಲ. ಮಗಳು ಪರಿಚಯದ ಮೆಕ್ಯಾನಿಕ್ಕನ ಹತ್ತಿರ ಹೋದಳು. ಅವನು ಬ್ಯಾಟರಿಯಿಂದ ನೇರವಾಗಿ ಒಂದು ವಯರು ಎಳೆದು, ಸೀಟಿನ ಪಕ್ಕಕ್ಕೆ ಮನೆಯ ದೀಪದಂಥ ಸ್ವಿಚ್ಚು ಹಾಕಿಕೊಟ್ಟ. ಸೀಟು ಮತ್ತೆ ಕಾಯಿತು.

ಗಾಡಿ ಚಾಡಿ ಹೇಳಿತು. ಅದರೊಳಗೆ ಕಂಪನಿಯವರ ಕಿವಿ ಇದೆಯಂತೆ. ಒಂದು ದಿನ ಮೇಷ್ಟ್ರನ್ನು ಕೂರಿಸಿಕೊಂಡು ಕೀಲಿ ತಿರುಗಿಸಿದರೆ ಎಂಜಿನ್ ಉಸಿರೆತ್ತಲಿಲ್ಲ. ಅನುಮತಿಯಿಲ್ಲದೆ ಸೀಟಿನ ಸಾಧನ ಬಳಸಿದ್ದರಿಂದ ವಾಹನವನ್ನು ತಡೆಹಿಡಿಯಲಾಗಿದೆ ಎಂದು ಪರದೆ ಹೇಳಿತು. ಕೋಟು, ಟೋಪಿ ಹಾಕಿಕೊಂಡು, ಮಡಿಲಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಮೇಷ್ಟ್ರು ಕೂತೇ ಇದ್ದರು. ಬೇರೆ ಗಾಡಿ ಸಿಗುವಷ್ಟರಲ್ಲಿ ಅವರ ಸರದಿ ಇನ್ನೊಬ್ಬರಿಗೆ ಹೋಗಿತ್ತು. ಸಂಜೆಗೆ ಅವರ ಪಾದ ಊದಿ ಚಪ್ಪಲಿ ಹತ್ತಲಿಲ್ಲ. ಕಂಪನಿಯವರು ಎಳೆಯುವ ಲಾರಿ ಕಳಿಸಿ ನಮ್ಮ ಗಾಡಿಯನ್ನು ಮೂತಿ ಎತ್ತಿ ಕೊಂಡೊಯ್ದರು.

ನನಗೆ ಕೋಪ ಬೇಗ ಬರುವುದಿಲ್ಲ. ಬಂದರೆ ಬೇಗ ಹೋಗುವುದೂ ಇಲ್ಲ.

ಅವರ ಕಚೇರಿಗೆ ನಾನೂ ಹೋಗಬೇಕಾಯಿತು, ಗಾಡಿ ನನ್ನ ಹೆಸರಿನಲ್ಲಿದೆಯಲ್ಲ. ಗಾಜಿನ ಬಾಗಿಲು. ಒಳಗೆ ಮೆತ್ತನೆ ಕುರ್ಚಿ, ಕೂತವರ ಕೈಯಲ್ಲಿ ಬಿಸಿ ಬಿಸಿ ಲೋಟ. ಕಾವಲುಗಾರ ನಮ್ಮ ಕಾಲು ನೋಡಿ, "ಬಾಡಿಗೆ ಗಾಡಿಯವರು ಹಿಂದಿನ ಬಾಗಿಲಿಗೆ ಹೋಗಿ" ಎಂದ. ಹಿಂದೆ ಅಂಗಳ. ಹೆಂಗಸರು ಪೈಪು ಹಿಡಿದು ಕಾರು ತೊಳೆಯುತ್ತಿದ್ದರು. ಒಂದು ಮೂಲೆಯಲ್ಲಿ ತಡೆಹಿಡಿದ ಗಾಡಿಗಳ ಸಾಲು, ಪ್ರತಿ ಗಾಡಿಗೂ ಒರಗಿಕೊಂಡು ಒಬ್ಬೊಬ್ಬ ಡ್ರೈವರು. ನಮ್ಮ ಗಾಡಿಯ ಪಕ್ಕದವನಿಗೆ ಎದೆಯವರೆಗೆ ಗಡ್ಡ.

"ನಿಮ್ದೇನಕ್ಕ ಕೇಸು?" ಎಂದ.

"ಸೀಟು."

"ನಂದೂ ಸೀಟೇ. ಬಿಸಿ ಕದ್ದಿದ್ದೀನಂತೆ. ಜೇಬು ತೋರಿಸಿದೆ, ಇಲ್ಲ ಅಂದ್ರೂ ನಂಬಲ್ಲ."

ಅವನು ಬಂದು ನಾಲ್ಕನೇ ದಿನವಂತೆ. ಇಲ್ಲಿಗೆ ಬಂದಾಗ ಗಡ್ಡ ಇಷ್ಟಿರಲಿಲ್ಲ ಎಂದ. ಮಗಳು ಮುಖ ತಿರುಗಿಸಿಕೊಂಡು ನಕ್ಕಳು. ಆ ವಾರ ಅವಳು ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ.

ಮಧ್ಯಾಹ್ನ ಕಳೆದ ಮೇಲೆ ಕರೆದರು. ಮೇಜಿನ ಹಿಂದೆ ಒಬ್ಬ ಅಧಿಕಾರಿ, ನನ್ನ ಮಗಳಿಗಿಂತ ಚಿಕ್ಕವನು. ಅವನ ಪಕ್ಕದ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ. ಕುರ್ಚಿ ಒಂದೇ ಇತ್ತು. ಮಗಳು ನನ್ನನ್ನು ಕೂರಿಸಿ ಹಿಂದೆ ನಿಂತಳು.

"ನೋಡಿ ಅಜ್ಜಿ, ಗಾಡಿ ನಿಮ್ದು, ಅದನ್ನ ಯಾರೂ ಇಲ್ಲ ಅಂದಿಲ್ಲ" ಎಂದು ಶುರು ಮಾಡಿದ. "ಆದ್ರೆ ಸೀಟಿನ ಬಿಸಿ ಅನ್ನೋದು ಒಂದು ಸೇವೆ. ಸೇವೆ ನಮ್ಮದು."

"ತಂತಿ ಯಾರದಪ್ಪ?"

"ತಂತಿ?"

"ಒಳಗೆ ಇದೆಯಲ್ಲ, ಅದು."

"ಅದೂ ಸೇವೆಯ ಭಾಗ. ನಮ್ಮದೇ."

"ನಾವು ಗಾಡಿ ಕೊಂಡಾಗ ಅದಕ್ಕೂ ಸೇರಿಸಿ ಕೊಟ್ವಲ್ಲ."

"ನೀವು ಕೊಟ್ಟಿದ್ದು ಹಳೇ ಓನರಿಗೆ. ನಮಗಲ್ಲ."

ಮಾತಿನ ತುದಿಯಲ್ಲಿ ನಗುತ್ತಿದ್ದ. ಬೈದರೆ ತಿರುಗಿ ಬೈಯಬಹುದು. ಇಂಥ ನಗುವಿಗೆ ಏನು ಮಾಡುವುದು? ಅಂಗೈಯಗಲದ ಒಂದು ಗಾಜಿನ ಹಲಗೆಯನ್ನು ನನ್ನ ಮುಂದೆ ತಳ್ಳಿದ. ಮೂರು ತಿಂಗಳ ದುಡ್ಡು ಮುಂಗಡ, ದಂಡ ಬೇರೆ, ಎಳೆದು ತಂದ ಲಾರಿಯ ಬಾಡಿಗೆ ಬೇರೆ. ಅದೆಲ್ಲ ಆಮೇಲೆ ಕಂತಿನಲ್ಲಿ ಕಟ್ಟಬಹುದು, ಮೊದಲು ಇದಕ್ಕೆ ಒಪ್ಪಿಗೆಯ ಬೆರಳಚ್ಚು ಒತ್ತಿ ಎಂದ. ನನಗೆ ದಪ್ಪ ಅಕ್ಷರ ಮಾತ್ರ ಕೂಡಿಸಿ ಓದಲು ಬರುತ್ತದೆ. ಮಗಳು ಬಗ್ಗಿ ಓದಿ ಹೇಳಿದಳು. ಸೀಟಿನೊಳಗಿನ ಸಾಧನ ಕಂಪನಿಯ ಸೊತ್ತು ಎಂದು ಒಪ್ಪುತ್ತೇನೆ. ಅನುಮತಿಯಿಲ್ಲದೆ ಅದನ್ನು ಬಳಸಿದ್ದು ನನ್ನ ತಪ್ಪು. ಮುಂದೆ ಮುಟ್ಟುವುದಿಲ್ಲ.

ನಾನು ಕೈಯನ್ನು ಮಡಿಲಿಗೆ ಎಳೆದುಕೊಂಡೆ.

"ಒತ್ತಿಬಿಡಮ್ಮ" ಎಂದಳು ಮಗಳು ನನ್ನ ಕಿವಿಯ ಹತ್ತಿರ. "ನಾಳೆ ಬೆಳಗ್ಗೆ ಮೇಷ್ಟ್ರ ಸರದಿ ಇದೆ. ಇದೂ ತಪ್ಪಿದ್ರೆ ಅವರು ಉಳಿಯಲ್ಲ."

ಅವಳು ಹೇಳಿದ್ದು ಸರಿ. ಬಡವರನ್ನು ಒಪ್ಪಿಸುವುದು ಹೀಗೆಯೇ. ಯಾರದೋ ಜೀವ ತಂದು ನಮ್ಮ ಬೆರಳ ತುದಿಗೆ ಕಟ್ಟುತ್ತಾರೆ. ನಾನು ಬೆರಳು ಇಟ್ಟೆ. ಹೌದು, ಇಟ್ಟೆ.

ಹಲಗೆ ನನ್ನ ಬೆರಳನ್ನು ತೆಗೆದುಕೊಳ್ಳಲಿಲ್ಲ.

"ಗಟ್ಟಿಯಾಗಿ ಒತ್ತಿ" ಎಂದ. ಒತ್ತಿದೆ. ಇಲ್ಲ. ಬೇರೆ ಬೆರಳು ಎಂದ. ಇಟ್ಟೆ. ಇಲ್ಲ. ಸೆರಗಿಗೆ ಒರೆಸಿಕೊಂಡು ಹೆಬ್ಬೆರಳು ಇಟ್ಟೆ. ಗಾಜು ಮರದ ತುಂಡು ಸೋಕಿದ ಹಾಗೆ ಸುಮ್ಮನಿತ್ತು. ಅವನು ಗಡಿಯಾರ ನೋಡಿದ. ಒದ್ದೆ ಕಾಗದ ಎಳೆದುಕೊಂಡು ಮೇಜಿನ ಆಚೆಯಿಂದ ಬಗ್ಗಿ ನನ್ನ ಮಣಿಕಟ್ಟು ಹಿಡಿದ. ಬೆರಳ ತುದಿಯನ್ನು ಮಸಿ ಹಿಡಿದ ಪಾತ್ರೆಯ ತಳದಂತೆ ತಿಕ್ಕಿದ. ತಿಕ್ಕಿ ಗಾಜಿಗೆ ಅದುಮಿದ. ಒಮ್ಮೆ. ಇನ್ನೊಮ್ಮೆ. ಸೀಳು ಬಿಟ್ಟು ರಕ್ತದ ಒಂದು ಚುಕ್ಕೆ ಗಾಜಿಗೆ ಹತ್ತಿತು.

"ಛೀ. ಏನ್ ಕೈ ಇದು, ಮನುಷ್ಯರದ್ದಾ?" ಎಂದ.

"ಕೈ ಬಿಡು" ಎಂದಳು ಮಗಳು. ಅಲ್ಲಿಯವರೆಗೆ ಅವನಿಗೆ ಸರ್ ಎನ್ನುತ್ತಿದ್ದಳು.

ನಾನೇ ಬಿಡಿಸಿಕೊಂಡೆ. ಇಷ್ಟು ವರ್ಷ ಯಾರೂ ಈ ಕೈಯನ್ನು ಏಕೆ ಹೀಗಿದೆ ಎಂದು ಕೇಳಿರಲಿಲ್ಲ. ಇವರ ಸೀಟು ಹೊಲಿದು ಹೊಲಿದು ಇವರ ಗಾಜಿಗೆ ತಿಳಿಯದ ಹಾಗಾದ ಕೈ. ಆ ಕೈಯಿಂದಲೇ ಇವರಿಗೆ ತಪ್ಪಾಯಿತು ಎಂದು ಹೇಳಿಸಬೇಕಂತೆ.

"ಒಪ್ಪಲ್ಲ" ಎಂದೆ.

"ಏನು?"

"ಒಪ್ಪಲ್ಲ. ತಂತಿ ನಿಮ್ಮದು ಅಂದ್ಯಲ್ಲ. ತಗೊಂಡು ಹೋಗು."

"ಅಜ್ಜಿ, ಅದು ಸೀಟಿನ ಒಳಗಿದೆ. ತೆಗೆಯೋಕೆ ಬರಲ್ಲ. ಯಾರೂ ತೆಗೆಯಲ್ಲ."

"ಸರಿ. ನಾನೇ ತಂದುಕೊಡ್ತೀನಿ."

ಅವನು ಹುಡುಗಿಯ ಕಡೆ ನೋಡಿ ಹುಬ್ಬು ಹಾರಿಸಿದ. ಅವಳು ನಗಲಿಲ್ಲ. ಗಾಜಿನ ಮೇಲಿನ ರಕ್ತವನ್ನು ನೋಡುತ್ತಿದ್ದಳು.

ಅಂಗಳಕ್ಕೆ ಬಂದೆ. ಗಾಡಿಯ ಔಷಧಿ ಡಬ್ಬಿಯಲ್ಲಿ ಬ್ಯಾಂಡೇಜು ಕತ್ತರಿಸುವ ಪುಟ್ಟ ಕತ್ತರಿ ಇತ್ತು. ಮೆಕ್ಯಾನಿಕ್ಕನ ವಯರನ್ನು ಮೊದಲು ಬಿಡಿಸು ಎಂದೆ, ಮಗಳು ಬಿಡಿಸಿದಳು. ಸಿಮೆಂಟಿನ ನೆಲಕ್ಕೆ ಮೊಣಕಾಲೂರಿದೆ. ಮಂಡಿಯ ಚಿಪ್ಪು ಕಲ್ಲಿನ ಮೇಲೆ ಕಲ್ಲಿಟ್ಟಂತೆ ಕಟಕ್ಕೆಂದಿತು. ತಲೆಯನ್ನು ಸೀಟಿನ ಕೆಳಗೆ ತೂರಿಸಿ, ಕವರನ್ನು ಹಿಡಿದಿಟ್ಟ ಕೊಂಡಿಗಳನ್ನು ಒಂದೊಂದಾಗಿ ಕಿತ್ತೆ. ಕೊಂಡಿ ಎಳೆದಾಗೆಲ್ಲ ಉಗುರಿನ ಬುಡ ಹರಿಯುತ್ತಿತ್ತು. ಒಳಮಡಿಕೆಗೆ ಕೈ ಹೋಯಿತು. ಬಾಲದ ಗಂಟು ಅಲ್ಲಿತ್ತು. ಬೆರಳು ಅದರ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕತ್ತರಿ ಹಾಕಿದೆ.

ಕಾವಲುಗಾರ ಓಡಿಬಂದ. "ಇಲ್ಲಿ ರಿಪೇರಿ ಮಾಡಂಗಿಲ್ಲ."

"ರಿಪೇರಿ ಅಲ್ಲಪ್ಪ. ಅವರ ಸಾಮಾನು ಅವರಿಗೆ ಕೊಡ್ತಿದ್ದೀನಿ."

"ಸಾಹೇಬರು ಹೇಳಿದ್ದಾರಾ?"

"ಅವರದೇ ಅಂತ ಅವರೇ ಹೇಳಿದ್ದಾರೆ. ಹೋಗಿ ಕೇಳು."

ಅವನು ಕೇಳಲು ಹೋದ. ಕಾರು ತೊಳೆಯುವ ಹೆಂಗಸರು ಪೈಪಿನ ಬಾಯಿ ಮುಚ್ಚಿ ಹತ್ತಿರ ಬಂದರು. ಸ್ಪಂಜಿಗೆ ಅಂಟಿಸಿದ ತಂತಿಯ ಬಟ್ಟೆ ಸುಲಭಕ್ಕೆ ಬರುವುದಿಲ್ಲ. ಗಾಯಕ್ಕೆ ಹತ್ತಿದ ಪಟ್ಟಿ ಬಿಡಿಸುವಂತೆ ಬೆರಳ ಅಂಚಿನಿಂದ ಸವರಿ ಸವರಿ ಎತ್ತಬೇಕು. ಎಲ್ಲೂ ಹರಿಯಬಾರದು. ಹರಿದರೆ ಹಾಳು ಮಾಡಿದೆ ಎನ್ನುತ್ತಾರೆ. ಬೆನ್ನಿನಲ್ಲಿ ಕತ್ತಿ ಇಳಿಸಿದಂಥ ನೋವು. ಅವರಲ್ಲೊಬ್ಬಳು ತನ್ನ ಒರೆಸುವ ಬಟ್ಟೆಯನ್ನು ಮಡಿಸಿ ನನ್ನ ಮಂಡಿಯ ಕೆಳಗಿಟ್ಟಳು. ಇತ್ತ ಮಗಳು ನನ್ನ ಕೈ ನೋಡುತ್ತ ನೋಡುತ್ತ ಡ್ರೈವರ್ ಸೀಟು ಬಿಚ್ಚಲು ಶುರು ಮಾಡಿದ್ದಳು. ಅವಳಿಗೆ ಈ ಕೆಲಸ ಕಲಿಸಬಾರದು ಎಂದೇ ನಾನು ಅವಳನ್ನು ಡ್ರೈವಿಂಗಿಗೆ ಕಳಿಸಿದ್ದು.

ಎರಡೂ ಸೀಟಿನದ್ದನ್ನು ಎತ್ತಿಕೊಂಡು ಈ ಸಲ ಮುಂದಿನ ಬಾಗಿಲಿನಿಂದ ಹೋದೆ. ಕಾವಲುಗಾರ ನನ್ನ ತೋಳಲ್ಲಿ ಜೋತಾಡುತ್ತಿದ್ದ ತಂತಿ ನೋಡಿ ಪಕ್ಕಕ್ಕೆ ಸರಿದ. ಬಿಸಿ ಲೋಟದವರು ಕಾಲು ಎಳೆದುಕೊಂಡರು. ಅಧಿಕಾರಿಯ ಮೇಜಿನ ಮೇಲೆ ತಂತಿಯ ಬಟ್ಟೆಗಳನ್ನು ಹಾಸಿದೆ. ಅಂಟು, ಸ್ಪಂಜಿನ ಪುಡಿ, ಯಾರ್ಯಾರೋ ಕೂತ ಬೆವರಿನ ವಾಸನೆ ಎಲ್ಲ ಸೇರಿಸಿ.

ಅವನು ಎದ್ದು ನಿಂತ. ಈಗ ನಗು ಇರಲಿಲ್ಲ. "ಏಯ್ ಮುದುಕಿ. ಕಂಪನಿ ಸೊತ್ತು ಹಾಳು ಮಾಡಿದ್ದೀಯ. ಪೊಲೀಸರಿಗೆ ಕೊಡ್ತೀನಿ."

"ಕೊಡು. ನೋಡ್ಕೋ ಮೊದಲು. ಒಂದು ಕಡೆ ಹರಿದಿಲ್ಲ, ಒಂದು ಕಡೆ ತುಂಡಾಗಿಲ್ಲ. ಹೊಲಿದಾಗ ಹೇಗಿತ್ತೋ ಹಾಗೇ ಇದೆ."

"ನಿನಗೆ ಯಾರು ತೆಗೆಯೋಕೆ ಹೇಳಿದ್ದು?"

"ನಮ್ಮದಲ್ಲದ್ದನ್ನ ಹೊತ್ಕೊಂಡು ತಿರುಗೋಕೆ ನಮಗೆ ಯಾರು ಹೇಳಿದ್ದು? ನಮ್ಮ ಗಾಡೀಲಿ, ನಮ್ಮ ಎಣ್ಣೇಲಿ, ನಿಮ್ಮ ಸಾಮಾನು ಊರೆಲ್ಲ ಸುತ್ತಿಸಿದ್ದೀವಿ. ಇಟ್ಟ ಜಾಗಕ್ಕೆ ನಾನು ತಿಂಗಳು ತಿಂಗಳು ಬಾಡಿಗೆ ಕೇಳಿಲ್ಲ. ಅದೊಂದೇ ನನ್ನ ತಪ್ಪು. ಅದನ್ನ ಬೇಕಾದ್ರೆ ಒಪ್ತೀನಿ, ಹಲಗೆ ಕೊಡು."

ಕಂಪ್ಯೂಟರಿನ ಹುಡುಗಿ ಮೆಲ್ಲಗೆ ಕೆಮ್ಮಿದಳು.

"ಸರ್, ಆ ಗಾಡಿ ತಡೆ ಹೋಗಿದೆ."

"ಹೋಗಿದೆ ಅಂದ್ರೆ?"

"ಸೀಟಿನ ಸಾಧನ ಇಲ್ಲ ಅಂತ ಬರ್ತಿದೆ. ಬಿಸಿ ಇಲ್ಲದ ಮಾಡೆಲ್ ಅಂದ್ಕೊಂಡಿದೆ. ತಾನಾಗೇ ಬಿಟ್ಟಿದೆ."

"ಮತ್ತೆ ತಡೆ ಹಾಕು."

"ಕಾರಣ ಕೇಳುತ್ತೆ ಸರ್. ಏನಂತ ಹಾಕ್ಲಿ?"

ಅವನು ಅವಳನ್ನು ನೋಡಿದ. ಅವಳು ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಳು. ನಿಜಕ್ಕೂ ಕಾರಣ ಕೇಳುತ್ತಿತ್ತೋ, ಅವಳೇ ಕೇಳುತ್ತಿದ್ದಳೋ ನನಗೆ ತಿಳಿಯದು. ದಂಡ ಮನೆಗೆ ಬರುತ್ತದೆ, ಲಾರಿ ಬಾಡಿಗೆ ಬರುತ್ತದೆ, ನೋಡ್ಕೋತೀನಿ ನಿಮ್ಮನ್ನ ಎಂದು ಅವನು ಕೂಗುತ್ತಲೇ ಇದ್ದ. ಬರಲಿ ಎಂದೆ. ಬಾಗಿಲು ದಾಟುವಾಗ ಹಿಂದಿನಿಂದ, "ಈ ಕಸ ಎತ್ಕೊಂಡು ಹೋಗು" ಎಂದ. ಕಸವಂತೆ. ಅದಕ್ಕೇ ತಾನೇ ತಿಂಗಳು ತಿಂಗಳು ದುಡ್ಡು ಕೇಳುತ್ತಿದ್ದದ್ದು.

ಇದನ್ನು ಗೆಲುವು ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಂದು ಕಣ್ಣಿನವಳು ಮೂರು ಸಲ ಬಿಚ್ಚಿ ಹೊಲಿದಿರಬಹುದಾದ ಕೆಲಸವನ್ನು ನಾನು ನನ್ನ ಕೈಯಾರೆ ಕಿತ್ತೆ. ನಾಳೆ ಮೇಷ್ಟ್ರು ಆಸ್ಪತ್ರೆ ಮುಟ್ಟುತ್ತಾರೆ. ಬರುವಾಗ ದಾರಿಯುದ್ದಕ್ಕೂ ನಡುಗುತ್ತಾರೆ. ಬಿಸಿನೀರಿನ ಚೀಲ ಇಡಬಹುದು, ಕಂಬಳಿ ಹಾಸಬಹುದು. ಅವರ ಬೆನ್ನಿಗೆ ಬೇಕಾದ ಬಿಸಿ ಮೇಜಿನ ಮೇಲೆ ತಣ್ಣಗೆ ಬಿದ್ದಿದೆ. ಇವರಿಗೂ ಅದು ಬೇಕಿರಲಿಲ್ಲ. ನಮಗೆ ಸಿಗಬಾರದು ಎಂಬುದಷ್ಟೇ ಬೇಕಿತ್ತು.

ಸೀಟಿನ ಕವರನ್ನು ಹೇಗೋ ಎಳೆದು ಸಿಕ್ಕಿಸಿ ಕೂತೆವು. ಮಗಳು ಕೀಲಿ ತಿರುಗಿಸಿದಳು. ಎಂಜಿನ್ ಹತ್ತಿತು. ಸೀಟು ಕಲ್ಲಿನಷ್ಟು ತಣ್ಣಗಿತ್ತು. ಬೆನ್ನುಹುರಿಯೊಳಗೆ ಚಳಿ ಏರುವುದು ನನಗೆ ಗೊತ್ತಾಗುತ್ತಿತ್ತು. ಮಗಳು ಹಲ್ಲು ಕಚ್ಚಿಕೊಂಡು ಗಾಡಿಯನ್ನು ಅಂಗಳದಿಂದ ಹೊರಗೆ ತಿರುಗಿಸಿದಳು.

ಗಡ್ಡದವನು ದಾರಿಗೆ ಅಡ್ಡ ಬಂದು ನಿಂತ. ಗಾಜು ಇಳಿಸಿದೆ.

"ಅಕ್ಕ, ಕಾಲು ನೋವಾ?"

"ಹೂಂ."

"ನನ್ನ ಕೈಗೆ ಕತ್ತರಿ ಹಿಡಿಯೋಕೆ ಬರಲ್ಲ. ಹಿಂದಿನವರೂ ಕೇಳ್ತಿದ್ದಾರೆ."

ಅವನ ಹಿಂದೆ ನೋಡಿದೆ. ತಡೆಹಿಡಿದ ಗಾಡಿಗಳ ಬಾಗಿಲುಗಳು ಒಂದಾದ ಮೇಲೊಂದು ತೆರೆದಿದ್ದವು. ತೊಳೆಯುವ ಹೆಂಗಸು ಮೊದಲನೆಯ ಗಾಡಿಯ ಮುಂದೆ ಆಗಲೇ ಬಟ್ಟೆ ಮಡಿಸಿ ಹಾಸಿದ್ದಳು. ಗಾಜಿನ ಗೋಡೆಯ ಆಚೆ ಅಧಿಕಾರಿ ಫೋನು ಕಿವಿಗೆ ಹಿಡಿದು ನಮ್ಮನ್ನೇ ನೋಡುತ್ತಿದ್ದ.

"ಎಂಜಿನ್ ಆರಿಸು" ಎಂದೆ ಮಗಳಿಗೆ.

ಇಳಿದೆ.